ಕೆಳಮನೆ ಸರ್ಕಾರದ ಯುದ್ಧವಾರ್ತೆ

ಶುಕ್ರವಾರ ಬೆಳಗ್ಗೆ ಪೊಡಿಯಬ್ಬ ತಲೆಗೆ ಶಾಂಪೂ ಹಾಕಿಕೊಂಡು ನಿಂತಿದ್ದಾಗ ನಲ್ಲಿ ಕೈಕೊಟ್ಟಿತು. ಕೊಲ್ಲಿ ದೇಶದ ಮುಐದರ್‌ನಲ್ಲಿ ಊರಿನವರು ಹಂಚಿಕೊಂಡಿದ್ದ ಆ ವಿಲ್ಲಾದಲ್ಲಿ ಯುದ್ಧ ಶುರುವಾಗಲು ಅಷ್ಟು ಸಾಕಾಯಿತು.

ಮೇಲಿನ ಮಹಡಿಯ ಟೋನಿಯ ಗ್ಯಾಂಗ್ ಬಟ್ಟೆ ಒಗೆದು ಟ್ಯಾಂಕ್ ಖಾಲಿ ಮಾಡಿತ್ತು. ಕೆಳಗಿನವರಿಗೆಲ್ಲ ಹಿರಿಯನಾದ ಪೊಡಿಯಬ್ಬನಿಗೆ ‘ಸರ್ಕಾರ’ ಎಂದೇ ಹೆಸರು. ಸರ್ಕಾರ ಟವೆಲ್ ಸುತ್ತಿಕೊಂಡು, ನೊರೆಯ ಕಿರೀಟದ ಸಮೇತ ಹಾಲಿಗೆ ಬಂತು.

“ಇದು ಬರೀ ನೀರಲ್ಲ ಮಕ್ಕಳೇ, ಕೆಳಮನೆಯ ಮಾನ! ದುಗ್ಗು, ನೀನು ಮಂಗಳೂರಲ್ಲಿ ಪೇಪರಿನವ ಅಲ್ವನಾ? ಇವತ್ತಿಂದ ಯುದ್ಧದ ಪ್ರಚಾರ ಖಾತೆ ನಿಂಗೆ. ವಿಲ್ಲಾದ ವಾಟ್ಸಾಪ್ ಗ್ರೂಪಲ್ಲಿ ಅವರ ಮರ್ಯಾದೆ ತೆಗಿ.”

ದುಗ್ಗು ಆಗ ಈರುಳ್ಳಿ ಎದುರು ಅಳುತ್ತಿದ್ದ. ಶುಕ್ರವಾರದ ಅಡುಗೆ ಪಾಳಿ ಅವನದು. ಅವನಿಗೆ ಅಡುಗೆಯೆಂದರೆ ಬೆಕ್ಕಿಗೆ ಸ್ನಾನವಿದ್ದಂತೆ.

“ನನ್ನ ಪಾಳಿ, ಸರ್ಕಾರ?”

“ಯುದ್ಧ ಗೆದ್ರೆ ಖಲಾಸ್. ಜೀವಮಾನ ಪೂರ್ತಿ ರಜೆ.”

ದುಗ್ಗು ಚೂರಿ ಇಳಿಸಿದ. ಫೋನ್ ಎತ್ತಿದ. ಹಿನ್ನೆಲೆ ಸಂಗೀತ ಒಂದೇ ಕಮ್ಮಿ.

“ಮೇಲ್ಮನೆಯಲ್ಲಿ ಭಿನ್ನಮತ ಸ್ಫೋಟ. ಟೋನಿ ರಾಜೀನಾಮೆ ಸಂಭವ: ನಂಬಲರ್ಹ ಮೂಲಗಳು.”

ಯಾರೋ ಪುಣ್ಯಾತ್ಮರು ಅದನ್ನು ಊರಲ್ಲಿ, ಶಂಕರಪುರದಲ್ಲಿದ್ದ ಟೋನಿಯ ಹೆಂಡತಿ ಮೆಲನಿಗೆ ಫಾರ್ವರ್ಡ್ ಮಾಡಿದರು. ಸ್ವಲ್ಪ ಹೊತ್ತಿಗೆ, ಕೊಂಕಣಿ ಬಾರದವರಿಗೂ ಅರ್ಥವಾಗುವಂಥ ಬೈಗುಳ ಫೋನಿನ ಸ್ಪೀಕರಿನಿಂದ ಮೆಟ್ಟಿಲಿಳಿದು ಬಂತು.

ಹಿಂದೆಯೇ ಟೋನಿ ಕಾಣಿಸಿಕೊಂಡ. “ಏ ದುಗ್ಗು, ನಾನು ಕೆಲಸ ಬಿಟ್ಟೆ ಅಂತ ಊರಿಡೀ ಸುದ್ದಿ ಮಾಡಿದ್ದೀಯಲ್ಲ? ಇನ್ನು ಟ್ಯಾಂಕ್ ತುಂಬಿದ್ರೂ ನಿಮಗೆ ನೀರು ಮಾಫಿ, ಒಂದು ಹನಿಯೂ ಇಲ್ಲ!” ಎಂದವನೇ ಮೇಲೆ ಹೋಗಿ ಕೆಳಮನೆಯ ವಾಲ್ವ್ ಮುಚ್ಚಿ, ಅದರ ಪಕ್ಕ ಕುರ್ಚಿ ಹಾಕಿ ಕೂತ.

ಸರ್ಕಾರ ಬಾಟಲಿ ನೀರಲ್ಲಿ ತಲೆ ತೊಳೆದು ಜುಮ್ಮಾ ನಮಾಜಿಗೆ ಹೊರಟಿತು. “ನಾನು ಬರುವಷ್ಟರಲ್ಲಿ ಅವರು ಮಣಿಯಬೇಕು. ಇಲ್ಲಾಂದ್ರೆ ಈರುಳ್ಳಿ ಅಲ್ಲೇ ಉಂಟು.”

ದುಗ್ಗು ಬ್ರಹ್ಮಾಸ್ತ್ರ ಬಿಟ್ಟ. “ಶತ್ರುವಿನ ಕುತಂತ್ರ ಬಯಲು! ಬಂಗುಡೆ ಮೀನಿನ ಪುಳಿಮುಂಚಿ, ಬಿಸಿಬಿಸಿ ಕುಚ್ಚಲಕ್ಕಿ ಅನ್ನದ ಆಮಿಷ ಒಡ್ಡಿ ನಮ್ಮವರನ್ನು ಕೊಳ್ಳಲು ಮೇಲ್ಮನೆಯ ಸಂಚು. ಮೋಸ ಹೋಗದಿರಿ.”

ಬರೆಯುವಾಗ ಅವನ ಬಾಯಲ್ಲೇ ನೀರೂರಿತು.

“ಸಂಧಾನ ಮಾತಾಡಿ ಬರ್ತೇನೆ,” ಎಂದು ಕೆಳಮನೆಯ ಸುಶಾಂತ್ ಹೊರಟ. ಕೈಯಲ್ಲಿ ತಟ್ಟೆಯಿತ್ತು. ಗೂಢಚಾರಿಕೆಗೆಂದು ವಿಕಾಸ್ ಹೋದ, ನಿಂಬೆಹಣ್ಣಿನ ಸಮೇತ. ಒಬ್ಬೊಬ್ಬರಾಗಿ ಉಳಿದವರೂ ದೇಶಸೇವೆಗೆ ಮೇಲೇರಿದರು. ನಮಾಜಿನಿಂದ ಬಂದ ಸರ್ಕಾರ ಖಾಲಿ ಹಾಲ್ ನೋಡಿತು, ಗ್ರೂಪ್ ನೋಡಿತು. “ನಮ್ಮ ಮಕ್ಕಳನ್ನು ಬಿಡಿಸಿ ತರ್ತೇನೆ!” ಎಂದು ಚಪ್ಪಲಿಯನ್ನೂ ಕಳಚದೆ ಮೆಟ್ಟಿಲು ಹಾರಿತು.

ತುಂಬಾ ಹೊತ್ತಾದ ಮೇಲೆ ಎರಡೂ ಸೈನ್ಯಗಳು ಒಟ್ಟಿಗೇ ಕೆಳಗಿಳಿದವು. ಟೋನಿಯ ಹೆಗಲ ಮೇಲೆ ಪೊಡಿಯಬ್ಬನ ಕೈ.

“ಮೇಲೆ ಮೀನೂ ಇಲ್ಲ, ಮುಳ್ಳೂ ಇಲ್ಲ ಮಾರಾಯ!” ಎಂದ ಪೊಡಿಯಬ್ಬ.

“ನಿನ್ನ ನ್ಯೂಸ್ ಓದಿ, ನಮ್ಮವರೇ ಯಾರೋ ಪುಳಿಮುಂಚಿ ಮಾಡ್ತಿದ್ದಾರೆ ಅಂತ ನಾವೂ ಒಲೆ ಹಚ್ಚಲಿಲ್ಲ,” ಎಂದ ಟೋನಿ. “ಹಸಿದುಕೊಂಡು ಎಂತ ಯುದ್ಧ? ವಾಲ್ವ್ ಬಿಟ್ಟಿದ್ದೇನೆ.”

ದುಗ್ಗುವಿನ ಮುಖ ಅರಳಿತು. “ನೀರು ಬಂತಲ್ಲ ಸರ್ಕಾರ! ಗೆದ್ದದ್ದು ನಾವೇ. ನನ್ನ ರಜೆ?”

“ಗೆದ್ರೆ ಅಂದಿದ್ದೆ. ಇದು ಡ್ರಾ. ಯಲ್ಲಾ, ನಡಿ, ಒಲೆ ಹಚ್ಚು. ಎರಡೂ ಮಹಡಿಗೆ.”

“ಯುದ್ಧದಲ್ಲಿ ಡ್ರಾ ಅಂತ ಇಲ್ಲವೇ ಇಲ್ಲ!” ಎಂದು ದುಗ್ಗು ವಾದಿಸಿದ.

ಯಾರೂ ನಂಬಲಿಲ್ಲ. ಅವನ ಮಾತು ನಂಬಿಯೇ ಎಲ್ಲರೂ ಅಷ್ಟು ಹೊತ್ತೂ ಉಪವಾಸವಿದ್ದರು.