ಡಾಕ್ಟರಮ್ಮನ ಗಂಡ ನರ್ಸಾದದ್ದು

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನನ್ನ ಹತ್ತಿರ ಫಜೀತಿಗಳು ಹಾಗೆ ಬರುತ್ತವೆ. ನಾನೇ ಬಾಗಿಲು ತೆಗೆದಿಟ್ಟು ಕಾಯುತ್ತಿರುತ್ತೇನೆ ಅಂತ ಹೆಂಡತಿಯ ಆರೋಪ. ಬರ್ಮಿಂಗ್‌ಹ್ಯಾಮ್‌ನ ಹಾರ್ಬೋರ್ನ್‌ನಲ್ಲಿ ನಮ್ಮ ಮನೆ. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಅವಳು ಡಾಕ್ಟರು. ನಾನು ಕೆಲಸ ಮಾಡುತ್ತಿದ್ದ ಐಟಿ ಕಂಪನಿ ನಮ್ಮ ವಿಭಾಗಕ್ಕೇ ಬೀಗ ಹಾಕಿದಾಗ, ನಲವತ್ತಾರನೆಯ ವಯಸ್ಸಿನಲ್ಲಿ ನರ್ಸಿಂಗ್ ಓದಲು ಹೊರಟೆ. ಮೊದಲೇ ಒಂದು ಡಿಗ್ರಿ ಇದ್ದವರಿಗೆ ಮೂರು ವರ್ಷದ ಓದನ್ನು ಎರಡೇ ವರ್ಷಕ್ಕೆ ಹಿಂಡಿ ಕೊಡುವ ಕೋರ್ಸು. ಹಿಂಡುವುದು ಓದನ್ನಲ್ಲ, ಓದುವವರನ್ನು ಅಂತ ಸೇರಿದ ಮೇಲೆ ಗೊತ್ತಾಯಿತು.

ಇಲ್ಲಿರುವುದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಇನ್ನೂ ಹೆಚ್ಚು ನಿಜ, ಆದರೆ ಹೆಂಡತಿ ಒಪ್ಪುವುದಿಲ್ಲ.

ಗಿಡಮರ

ಸೀಟು ಕೊಡುವ ಮುಂಚೆ ಸಂದರ್ಶನ. ಒಳಗೆ ಮೂವರು ಮೇಡಂಗಳು. ಹೊರಗೆ ನನ್ನ ಜೊತೆ ಕಾದಿದ್ದವರಲ್ಲಿ ಒಬ್ಬ ಇತಿಹಾಸ ಓದಿದವನು, ಒಬ್ಬಳು ಪಿಟೀಲು ಬಾರಿಸಿ ಡಿಗ್ರಿ ತೆಗೆದುಕೊಂಡವಳು. ಹಳೆಯ ಓದು ನರ್ಸಿಂಗಿಗೆ ಹೇಗೆ ಉಪಯೋಗ ಅಂತ ಎಲ್ಲರಿಗೂ ಪ್ರಶ್ನೆ.

"ನಿಮ್ಮದು ಬಾಟನಿ. ಸಸ್ಯಶಾಸ್ತ್ರದಿಂದ ರೋಗಿಗಳಿಗೇನು ಲಾಭ?"

"ಎರಡೂ ಒಂದೇ ಮೇಡಂ. ಇಟ್ಟ ಕಡೆ ಇರುತ್ತಾರೆ. ಹೊತ್ತಿಗೆ ಸರಿಯಾಗಿ ನೀರು ಕೊಡಬೇಕು, ಬಿಸಿಲಿನ ಕಡೆ ತಿರುಗಿಸಬೇಕು, ಬಾಡಿದರೆ ತಕ್ಷಣ ಗೊತ್ತಾಗಬೇಕು."

"ವ್ಯತ್ಯಾಸವೇ ಇಲ್ಲವೇ?"

"ಇದೆ. ಗಿಡ ಬೆಲ್ ಒತ್ತುವುದಿಲ್ಲ."

ಮೂವರಲ್ಲಿ ಇಬ್ಬರು ನಕ್ಕರು. ಮೂರನೆಯವರು ಮೊದಲು ವಾರ್ಡಿನಲ್ಲಿ ಕೆಲಸ ಮಾಡಿದವರಂತೆ. ಅವರು ನಗಲಿಲ್ಲ, ಸೀಟು ಕೊಟ್ಟರು.

ಗೊಂಬೆ

ನಿಜವಾದ ರೋಗಿಗಳನ್ನು ಮುಟ್ಟುವ ಮುಂಚೆ ಕಾಲೇಜಿನ ಲ್ಯಾಬಿನಲ್ಲಿ ರಬ್ಬರ್ ಗೊಂಬೆಗಳ ಮೇಲೆ ಅಭ್ಯಾಸ. ಗೊಂಬೆಗೆ ನಾಡಿ ಬಡಿಯುತ್ತದೆ, ಎದೆ ಏರಿಳಿಯುತ್ತದೆ, ನರಳುವುದೂ ಉಂಟು. ಇಷ್ಟೆಲ್ಲ ಸೌಲಭ್ಯ ಕಂಡ ಮೇಲೆ ನನ್ನ ಕೈ ಸುಮ್ಮನಿರುವುದುಂಟೇ? ಒಂದು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಗೊಂಬೆಯನ್ನು ಮಂಚದ ಕೆಳಗೆ ಮಲಗಿಸಿ, ಅದರ ಗೌನು ನಾನು ತೊಟ್ಟು, ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಲಗಿದೆ.

ಪಿಟೀಲಿನ ಹುಡುಗಿ ಬಂದು ಮಣಿಕಟ್ಟು ಹಿಡಿದಳು. ಅವಳು ಕಿಟಾರನೆ ಕಿರುಚುತ್ತಾಳೆ ಅಂತ ನನ್ನ ಲೆಕ್ಕ. ನಗು ತಡೆಯಲು ಉಸಿರು ಬಿಗಿಹಿಡಿದೆ. ಅದೇ ತಪ್ಪಾಯಿತು. "ಉಸಿರಿಲ್ಲ!" ಅಂದವಳೇ ಮಂಚ ಹತ್ತಿ ನನ್ನ ಎದೆಯ ಮೇಲೆ ಎರಡೂ ಅಂಗೈ ಊರಿ ಒತ್ತಲು ಶುರುಮಾಡಿದಳು. ಸಂಗೀತದವಳು ನೋಡಿ, ತಾಳ ಒಂಚೂರೂ ತಪ್ಪಲಿಲ್ಲ. "ನಿಲ್ಲಿಸಮ್ಮಾ!" ಅಂತ ನಾನು ಕೂಗಿದರೆ ಮೇಷ್ಟ್ರು ದೂರದಿಂದಲೇ, "ಗೊಂಬೆ ಮಾತಾಡುತ್ತೆ, ಗಮನ ಕೊಡಬೇಡ, ಮುಂದುವರಿಸು" ಅಂದರು.

ಆ ದಿನ ಅವಳು ಪಾಸು, ನನ್ನ ಪಕ್ಕೆಲುಬು ಫೇಲು.

ಬಿಳಿ ಕೂದಲು

ತರಬೇತಿಗೆ ಹಾಕಿದ್ದು ಹೆಂಡತಿಯ ಆಸ್ಪತ್ರೆಗೇ. ನನಗೆ ಬಿಳಿ ಕೂದಲು, ದಪ್ಪ ಕನ್ನಡಕ, ಸ್ವಲ್ಪ ಹೊಟ್ಟೆ. ಆ ವಯಸ್ಸಿನ ಇಂಡಿಯನ್ ಗಂಡಸು ವಾರ್ಡಿನಲ್ಲಿ ಕಂಡರೆ ದೊಡ್ಡ ಡಾಕ್ಟರೇ ಇರಬೇಕು ಅಂತ ಇಲ್ಲಿನ ಮುದುಕಿಯರ ನಂಬಿಕೆ. ಹೆಂಡತಿ ಐದಡಿಯೂ ಇಲ್ಲ, ನಡಿಗೆ ಚುರುಕು.

ಒಂದು ದಿನ ಅವಳು ಸ್ಟೆಥಸ್ಕೋಪ್ ನೇತುಹಾಕಿಕೊಂಡು ರೋಗಿಯೊಬ್ಬಳನ್ನು ನೋಡಲು ಬಂದಳು. ಪಕ್ಕದಲ್ಲಿ ನಾನಿದ್ದೆ. ಮುದುಕಿ ಅವಳಿಗೆ, "ಬ್ಯಾಬ್, ಆ ಕಮೋಡ್ ಕುರ್ಚಿ ಆಚೆ ತಳ್ಳು, ಡಾಕ್ಟರಿಗೆ ನಿಲ್ಲೋಕೆ ಜಾಗ ಇಲ್ಲ" ಅಂದಳು. ಬ್ಯಾಬ್ ಅಂದರೆ ಬರ್ಮಿಂಗ್‌ಹ್ಯಾಮಿನವರ ಬಾಯಲ್ಲಿ ನಮ್ಮ 'ಪುಟ್ಟಾ' ಇದ್ದಂತೆ. ಮರ್ಯಾದಸ್ಥನಾದವನು ತಕ್ಷಣ ತಿದ್ದಬೇಕಿತ್ತು. ನಾನು ಎರಡೂ ಕೈ ಹಿಂದೆ ಕಟ್ಟಿ, "ಹ್ಞೂಂ, ಬೇಗ" ಅಂದೆ.

ಹೆಂಡತಿ ಕುರ್ಚಿ ತಳ್ಳಿದಳು. ಸಂಜೆ ಮನೆಗೆ ಬಂದರೆ ಸಿಂಕಿನ ತುಂಬ ಪಾತ್ರೆ.

"ರೀ, ಡಾಕ್ಟರೇ," ಅಂದಳು, "ಪೇಷಂಟ್‌ಗಳು ಕಾಯ್ತಿದಾರೆ."

ಇನ್ನೊಂದು ಕಪ್ಪು

ಕೊನೆಯ ತರಬೇತಿ ಮೂಳೆ ಮುರಿದವರ ವಾರ್ಡಿನಲ್ಲಿ. ಅಲ್ಲಿನ ಮುಖ್ಯ ನರ್ಸು, ಅಂದರೆ ಸಿಸ್ಟರ್, ಬರ್ಮಿಂಗ್‌ಹ್ಯಾಮ್‌ನಲ್ಲೇ ಹುಟ್ಟಿ ಬೆಳೆದ ಗಟ್ಟಿ ಹೆಂಗಸು. ಕಡೆಯಲ್ಲಿ ಆಕೆ ಸಹಿ ಹಾಕಿದರೆ ನಾನು ನರ್ಸು. ಇಲ್ಲದಿದ್ದರೆ ಎರಡು ವರ್ಷ ನೀರಲ್ಲಿ ಹೋಮ. ಗೊಂಬೆಯ ಕಥೆ ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು.

ಮೊದಲ ದಿನವೇ ಮುದುಕನೊಬ್ಬನಿಗೆ ಟೀ ಬೇಕೇ ಅಂದೆ. "ಬೇಡಪ್ಪ" ಅಂದ. ನಮ್ಮಲ್ಲಿ ಬೇಡ ಅಂದ ಕೂಡಲೇ ಬಿಟ್ಟುಬಿಡುವುದುಂಟೇ? "ಅರ್ಧ ಕಪ್ಪು?" ಬೇಡ. "ನನಗೋಸ್ಕರ?" ಕುಡಿದ. ಹೀಗೆ ಉಪಚಾರ ಮಾಡಿ ಮಾಡಿ ಮಧ್ಯಾಹ್ನದೊಳಗೆ ಆತನ ಹೊಟ್ಟೆಗೆ ಒಂದು ಕೊಡ ಟೀ ಇಳಿಸಿದೆ. ಆಮೇಲೆ ಆತ ಸಂಜೆಯವರೆಗೂ ಬೆಲ್ ಒತ್ತುತ್ತಲೇ ಇದ್ದ, ನಾನು ಉಚ್ಚೆ ಬಾಟಲಿ ಹಿಡಿದು ಓಡುತ್ತಲೇ ಇದ್ದೆ.

ಸಿಸ್ಟರ್ ವಿಚಾರಣೆಗೆ ಬಂದರು. "ಬೇಡ ಅಂದ್ರಂತೆ, ಮತ್ಯಾಕೆ ಕುಡಿದ್ರಿ?"

ಮುದುಕ ನನ್ನ ಕಡೆ ಕರುಣೆಯಿಂದ ನೋಡಿದ. "ಪಾಪ, ಅವನ ಮನೆಯಲ್ಲಿ ಏನು ಕಷ್ಟವೋ ಏನೋ ಅಂತ."

ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. "ರೋಗಿ ಬೇಡ ಅಂದರೆ ಬೇಡ. ಇನ್ನೊಂದು ಸಲ ಯಾರಿಗಾದರೂ ಬಲವಂತ ಮಾಡಿದ್ದು ಕಂಡರೆ ಸಹಿ ಮರೆತುಬಿಡು."

ನಕ್ಕೋ

ಕೊನೆಯ ವಾರ. ಎರಡು ದಿನ ರಜೆ ಮುಗಿಸಿ ಬಂದರೆ ಕಿಟಕಿ ಪಕ್ಕದ ಹಾಸಿಗೆಗೆ ಹುಬ್ಬಳ್ಳಿಯ ಅಜ್ಜಿಯೊಬ್ಬರು ಬಂದಿದ್ದರು. ಮಗ ಇಲ್ಲಿ ಇಂಜಿನಿಯರು. ಸೊಂಟದ ಆಪರೇಷನ್ ಆಗಿತ್ತು. ವಾರ್ಡಿನಲ್ಲಿ ವಾಂತಿಭೇದಿ ಹರಡಿದೆ ಅಂತ ಹೊರಗಿನವರಿಗೆ ಪ್ರವೇಶ ಬಂದ್. ಮಗನೂ ಬರುವಂತಿಲ್ಲ, ಮನೆಯೂಟವೂ ಬರುವಂತಿಲ್ಲ. ಹಲಾಲ್ ಊಟವನ್ನೇ ತರಿಸಿಟ್ಟರೂ ಅಜ್ಜಿ ಮುಟ್ಟುತ್ತಿಲ್ಲ. ಮೂಗಿನಿಂದ ಟ್ಯೂಬ್ ಹಾಕೋಣವೇ ಅನ್ನುವವರೆಗೂ ಮಾತು ಹೋಗಿತ್ತು.

ನಾನು ತಟ್ಟೆ ಹಿಡಿದು ಹೋದೆ. "ಅಮ್ಮಾ, ಊಟ ಮಾಡ್ತೀರಾ?"

ಕನ್ನಡ ಕೇಳಿ ಅಜ್ಜಿಯ ಕಣ್ಣು ಅರಳಿತು. "ನಕ್ಕೋ ಬಾಬಾ, ನಕ್ಕೋ. ಹೊಟ್ಟಿ ತುಂಬೇತಿ" ಅಂದರು. ಎರಡು ದಿನದಿಂದ ಏನೂ ಬೀಳದ ಹೊಟ್ಟೆ ಅದು! ಅಂಗೈ ನೇರ ತಟ್ಟೆಯ ಮೇಲೆ ಅಡ್ಡ ಬಂತು. ಆ ಅಂಗೈ ಕಂಡದ್ದೇ ನನಗೆ ಎಲ್ಲ ಅರ್ಥವಾಯಿತು. ವಾರ್ಡಿನವರೆಲ್ಲ ಒಂದೇ ಸಲ ಕೇಳಿ ತಟ್ಟೆ ಎತ್ತಿಕೊಂಡು ಹೋಗಿದ್ದಾರೆ! ಆದರೆ ಬೆನ್ನ ಹಿಂದೆ ಸಿಸ್ಟರ್. ಇನ್ನೊಮ್ಮೆ ಕೇಳಿದರೆ ನನ್ನ ಸಹಿ ಹೋಯಿತು, ಕೇಳದಿದ್ದರೆ ಅಜ್ಜಿಗೆ ಟ್ಯೂಬು.

"ಹಂಗಂದ್ರ ಹ್ಯಾಂಗಮ್ಮಾ, ಒಂದು ತುತ್ತು," ಅಂದೇಬಿಟ್ಟೆ.

"ಬ್ಯಾಡಪಾ, ಬ್ಯಾಡ."

"ಸಾಕು!" ಅಂದರು ಸಿಸ್ಟರ್. "ನಾನು ಏನು ಹೇಳಿದ್ದೆ?"

"ಸಿಸ್ಟರ್, ನಮ್ಮಲ್ಲಿ ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಅಭ್ಯಾಸಕ್ಕೆ. ಮೂರನೆಯದೇ ಉತ್ತರ."

"ಇದೂ ನಿನ್ನ ತಮಾಷೆ ತಾನೆ?"

"ನೀವೇ ಕೇಳಿ ನೋಡಿ."

ಸಿಸ್ಟರ್ ಅನ್ನದ ಪಾಯಸದ ಬಟ್ಟಲು ಎತ್ತಿಕೊಂಡರು. ಬೇಕೇ? "ನೋ ನೋ, ಥ್ಯಾಂಕ್ಯೂ." ಸಿಸ್ಟರ್ ನನ್ನನ್ನು ಸುಡುವ ಹಾಗೆ ನೋಡಿ ಮತ್ತೆ ಕೇಳಿದರು. ಅಂಗೈ ಬಟ್ಟಲಿನ ಮೇಲೆ ಬಂತು. ಮೂರನೆಯ ಸಲ ಅಂಗೈ ಮೆಲ್ಲಗೆ ಪಕ್ಕಕ್ಕೆ ಸರಿಯಿತು. "ಹೋಗ್ಲಿ, ಸಣ್ಣದೊಂದ್ ಚಮಚ" ಅಂತ ಶುರುಮಾಡಿದ ಅಜ್ಜಿ ಬಟ್ಟಲು ಕೆರೆದು ಮುಗಿಸಿ ನನಗಂದರು: "ಏನ್ ಮಂದಿನೋ ಯಪ್ಪಾ! ಹಾಕೋ ಮನಸ್ಸಿದ್ರ ಇನ್ನೊಮ್ಮಿ ಕೇಳ್ತಿದ್ದಿಲ್ಲ?" ಸಣ್ಣ ಚಮಚದಿಂದ ಹಿಡಿದು ಎಲ್ಲವನ್ನೂ ನಾನು ಸಿಸ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಮಾರನೆಯ ದಿನದಿಂದ ಇಡೀ ವಾರ್ಡು ಅಜ್ಜಿಯನ್ನು ಎಲ್ಲಕ್ಕೂ ಮೂರು ಸಲ ಕೇಳತೊಡಗಿತು. ನಡೆಸಲು ಬಂದ ಫಿಸಿಯೋ ಪಾಪ ಎಷ್ಟು ಸಲ ಕೇಳಿದರೂ ಆ ನಕ್ಕೋ ಮಾತ್ರ ನಿಜವಾದ ನಕ್ಕೋ.

ಶುಕ್ರವಾರ ನನ್ನ ಕೊನೆಯ ದಿನ. ಸಂಜೆಯಿಂದ ಸಿಸ್ಟರಿಗೆ ಸ್ಪೇನ್ ಪ್ರವಾಸ, ಸೋಮವಾರ ಕಾಲೇಜಿಗೆ ಸಹಿ ಮುಟ್ಟಬೇಕು. ಕೋಟು ಹಾಕಿಕೊಂಡು ಹೊರಟಿದ್ದ ಆಕೆ, "ಸಹಿ ಹಾಕಿಬಿಡಲೇ, ಬ್ಯಾಬ್?" ಅಂದರು. ನಲವತ್ತೆಂಟು ವರ್ಷದ ಸಂಸ್ಕಾರ ಸುಮ್ಮನಿರುತ್ತದೆಯೇ? "ಅಯ್ಯೋ ಬೇಡ ಸಿಸ್ಟರ್, ಹೊರಟಿದ್ದೀರಿ, ನಿಮಗ್ಯಾಕೆ ತೊಂದರೆ" ಅಂದುಬಿಟ್ಟೆ.

"ಸರಿ ಹಾಗಾದರೆ" ಅಂತ ಆಕೆ ಹೊರಟೇಹೋದರು.

ಪೇಪರು ಹಿಡಿದು ಮೆಟ್ಟಿಲಿಳಿದು ಕಾರ್ ಪಾರ್ಕಿಗೆ ಓಡಿದೆ. ಕಾರು ಆಗಲೇ ಸ್ಟಾರ್ಟ್ ಆಗಿತ್ತು. ಗಾಜು ಇಳಿಯಿತು.

"ಸಿಸ್ಟರ್, ಸಹಿ ಹಾಕ್ತೀರಾ?"

"ನೋ, ಥ್ಯಾಂಕ್ಯೂ."

ಪೇಪರನ್ನು ಕಿಟಕಿಯ ಹತ್ತಿರ ಚಾಚಿದೆ. "ದಯವಿಟ್ಟು, ಸಿಸ್ಟರ್."

"ನೋ ನೋ," ಅಂತ ಆಕೆ ಅಂಗೈಯನ್ನು ಕಿಟಕಿಗೆ ಅಡ್ಡ ಹಿಡಿದರು.

ಆ ಅಂಗೈ ನೋಡಿದೆ. ಜೀವ ಬಂತು. "ಹಾಗಂದ್ರೆ ಹೇಗೆ ಸಿಸ್ಟರ್? ನನಗೋಸ್ಕರ!"

ಅಂಗೈ ಮೆಲ್ಲಗೆ ಪಕ್ಕಕ್ಕೆ ಸರಿಯಿತು.

"ಹೋಗಲಿ," ಅಂದು ಪೆನ್ನಿಗೆ ಕೈಚಾಚಿದರು ಸಿಸ್ಟರ್, "ಸಣ್ಣದೊಂದು ಹಾಕ್ತೀನಿ."