ನನ್ನ ರೋಗಿಗಳನ್ನು ಕದಿಯುತ್ತಿದ್ದ ಉಮ್ಮಿ

ಜೀವನದಲ್ಲಿ ನನಗೆ ಒಬ್ಬರೇ ಒಬ್ಬರು ವೈರಿ ಇದ್ದರು. ಅವರು ನನಗೆ ಮೂರು ಹೊತ್ತು ಊಟ ಹಾಕುತ್ತಿದ್ದರು, ತಲೆಗೆ ಎಣ್ಣೆ ಹಚ್ಚುತ್ತಿದ್ದರು, ನನ್ನ ಬಿಳಿ ಯೂನಿಫಾರ್ಮಿಗೆ ಲೋಬಾನದ ಹೊಗೆ ಹಿಡಿದು ಘಮಘಮ ಎನ್ನಿಸಿ ಕೆಲಸಕ್ಕೆ ಕಳಿಸುತ್ತಿದ್ದರು. ಇಷ್ಟೆಲ್ಲ ಮಾಡಿ, ನಾನು ಹೊಸಿಲು ದಾಟಿದ ಮೇಲೆ ತಾವೂ ಬಾಗಿಲು ಹಾಕಿಕೊಂಡು ಬಂದು, ನನ್ನ ಆಸ್ಪತ್ರೆಯ ಗೇಟಿನಲ್ಲಿ ಕೂತು ನನ್ನ ರೋಗಿಗಳನ್ನು ಕದಿಯುತ್ತಿದ್ದರು. ಇಂಥ ವೈರಿ ನಿಮಗೆ ಸಿಕ್ಕಿದ್ದಾರೆಯೇ? ಸಿಕ್ಕಿರಲಾರರು. ಸಿಕ್ಕಿದ್ದರೆ ನೀವು ಇನ್ನಷ್ಟು ದಪ್ಪಗಿರುತ್ತಿದ್ದಿರಿ.

ಎಂಬತ್ತರ ದಶಕದ ಮಾತು. ಉಡುಪಿ ಕಡೆಯ ಹಳ್ಳಿಯಿಂದ ಹೊರಟ ನಾನು, ಒಮಾನ್ ಎಂದರೆ ಮಸ್ಕತ್, ಮಸ್ಕತ್ ಎಂದರೆ ಕಡಲ ದಂಡೆ ಎಂದುಕೊಂಡೇ ವಿಮಾನ ಹತ್ತಿದ್ದೆ. ಮಸ್ಕತ್ತಿನ ಬಂದರುಪೇಟೆ ಮತ್ರಾದಲ್ಲಿ ನನ್ನ ದೊಡ್ಡಮ್ಮನ ಮಗಳಿದ್ದಳು. ಅಲ್ಲಿ ವಾರದ ರಜೆಯಾದ ಶುಕ್ರವಾರ ಅವಳ ಜೊತೆ ಇಗರ್ಜಿಗೆ ಹೋಗುವುದು, ಬರುವಾಗ ಬಂದರಿನಲ್ಲಿ ಬಂಗುಡೆ ಕೊಳ್ಳುವುದು ಎಂದು ಊರಿನಲ್ಲೇ ಯೋಜನೆ ಹಾಕಿಯಾಗಿತ್ತು. ಆದರೆ ನನಗೆ ಕೆಲಸ ಕೊಟ್ಟವರು ಬಂಗುಡೆಯ ವಿಚಾರ ಕೇಳಲೇ ಇಲ್ಲ. ನನ್ನನ್ನು ಜೀಪಿನಲ್ಲಿ ಕೂರಿಸಿ, ಒಳನಾಡಿನ ನಿಜ್ವಾ ಪಟ್ಟಣ ದಾಟಿಸಿ, ಡಾಂಬರು ರಸ್ತೆ ಮುಗಿದ ಮೇಲೂ ಒಣಗಿದ ಹೊಳೆಯ ಕಲ್ಲುಗಳ ಮೇಲೆ ಕುಣಿಸಿ, ಬೋಳು ಬೆಟ್ಟದ ಬುಡದ ಒಂದು ಹಳ್ಳಿಯಲ್ಲಿ ಇಳಿಸಿದರು. ಅಲ್ಲಿ ಹೊಸ ಆರೋಗ್ಯ ಕೇಂದ್ರ ತೆರೆದಿತ್ತು. ಡಾಕ್ಟರ ಮನೆ ಸಿದ್ಧವಾಗಿತ್ತು. ನರ್ಸಿನ ಮನೆಗೆ ಬಾಗಿಲು ಕೂರಿಸಿದ್ದರು, ಚಾವಣಿ ಹಾಕಿರಲಿಲ್ಲ.

"ಚಾವಣಿ ಬರುವ ತನಕ ಇವಳು ನಮ್ಮ ಅತಿಥಿ" ಎಂದು ಊರಿನ ಶೇಖ್ ತೀರ್ಪು ಕೊಟ್ಟು, ನನ್ನನ್ನು ಒಬ್ಬ ವಿಧವೆಯ ಮನೆಗೆ ಕರೆದುಕೊಂಡು ಹೋದರು. ಊರಿಗೆಲ್ಲ ಅವರು ಉಮ್ಮಿ, ಅಂದರೆ ಅಮ್ಮ. ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದ ಮಗ ವಾರದ ಕೊನೆಗೆ ಪಿಕಪ್ಪಿನಲ್ಲಿ ಬಂದು ಹೋಗುತ್ತಿದ್ದ. ಉಮ್ಮಿ ಕುಳ್ಳಗೆ, ಗುಂಡಗೆ, ಕಿತ್ತಳೆ ಹಸಿರು ನೇರಳೆ ಎಲ್ಲವನ್ನೂ ಒಟ್ಟಿಗೇ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.

ನಾನು ಕಲಿತು ಹೋಗಿದ್ದ ಅರಬ್ಬಿ ಪೂರ್ತಿ ಆಸ್ಪತ್ರೆಯದು. ಎಲ್ಲಿ ನೋವು, ಉಸಿರು ಎಳೆಯಿರಿ, ಬಾಯಿ ತೆರೆಯಿರಿ, ಅಷ್ಟೇ. ಆತಿಥೇಯರಿಗೆ ಗೌರವದಿಂದ ಏನಾದರೂ ಹೇಳಬೇಕಲ್ಲ? ಗಾಬರಿಯಲ್ಲಿ ನಾಲಿಗೆಗೆ ಸಿಕ್ಕಿದ್ದನ್ನು ಹೇಳಿಬಿಟ್ಟೆ.

"ಬಾಯಿ ತೆರೆಯಿರಿ."

ಉಮ್ಮಿ ದೊಡ್ಡದಾಗಿ ಬಾಯಿ ತೆರೆದು, ಒಂದೂ ಉದುರದ ತಮ್ಮ ಹಲ್ಲುಗಳನ್ನು ಎಡದಿಂದ ಬಲಕ್ಕೆ ತೋರಿಸಿದರು. ತೋರಿಸಿ ಮುಗಿದ ಮೇಲೆ, "ಈಗ ನೀನು ತೆರೆ" ಎಂದರು. ತೆರೆದೆ. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ನಾಲಿಗೆಯನ್ನೂ ಪರೀಕ್ಷಿಸಿ, ಶೇಖ್ ಅವರ ಕಡೆ ತಿರುಗಿ ಹೇಳಿದರು: "ಹೊಟ್ಟೆ ಸರಿ ಇಲ್ಲ. ಇವಳೇನಾ ನಮಗೆ ಮದ್ದು ಕೊಡುವವಳು?"

ಅವರು ಆ ಊರಿನ ನಾಟಿ ವೈದ್ಯೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಅಂದರೆ ನಾನು ಇಳಿದುಕೊಂಡದ್ದು ನೇರ ಎದುರಾಳಿಯ ಬಿಡಾರದಲ್ಲಿ!

ಒಳಗೆ ಕೂರಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಕಾಫಿ ಕೊಟ್ಟರು. ಸಕ್ಕರೆಯಿಲ್ಲ, ಹಾಲಿಲ್ಲ. ಕುಡಿದು ಬಟ್ಟಲು ಚಾಚಿದೆ. ಮತ್ತೆ ತುಂಬಿಸಿದರು. ಬೇಡವೆಂದರೆ ಮರ್ಯಾದೆಯಲ್ಲ ಎಂದು ಕುಡಿದೆ. ಮತ್ತೆ ತುಂಬಿಸಿದರು. ನಾನು ಮುಗುಳ್ನಕ್ಕು "ಖಲಾಸ್" ಎಂದೆ, ಸಾಕು ಎನ್ನುವ ಅರ್ಥದಲ್ಲಿ. ಬಟ್ಟಲು ಖಾಲಿಯಾಗಿದೆ ಎನ್ನುತ್ತಿದ್ದೇನೆಂದು ತಿಳಿದು ಇನ್ನೂ ಬೇಗ ತುಂಬಿಸಿದರು. ಹೂಜಿ ಬರಿದಾಯಿತು, ಒಳಗಿನಿಂದ ಎರಡನೆಯದು ಬಂತು. ನನ್ನ ಎದೆ ಡೋಲಿನಂತೆ ಬಡಿಯುತ್ತಿತ್ತು. ಕೊನೆಗೆ ಮಗ ಬಂದು, ಸಾಕಾದಾಗ ಬಟ್ಟಲನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಬೇಕೆಂದು ತೋರಿಸಿಕೊಟ್ಟ. ಅಷ್ಟು ಹೊತ್ತಿಗೆ ಬಟ್ಟಲೇಕೆ, ನಾನೇ ಅಲ್ಲಾಡುತ್ತಿದ್ದೆ.

ಮರುದಿನದಿಂದ ಯುದ್ಧ. ಆರೋಗ್ಯ ಕೇಂದ್ರದ ಗೇಟಿನ ಬಳಿ ಒಂದು ಬೋರೆ ಮರ. ಅದರ ಕೆಳಗೆ ಚಾಪೆ. ಚಾಪೆಯ ಮೇಲೆ ಉಮ್ಮಿ. ನಮ್ಮಲ್ಲಿಗೆ ಬರುವ ಹೆಂಗಸರನ್ನು ಕೈಹಿಡಿದು ಕೂರಿಸಿಕೊಂಡು, ನಾಲಿಗೆ ನೋಡಿ, ಹೊಟ್ಟೆ ಒತ್ತಿ, ಗಂಡನ ವಿಚಾರವನ್ನೂ ಅತ್ತೆಯ ವಿಚಾರವನ್ನೂ ಕೇಳಿ, ತಮ್ಮ ಬಟ್ಟೆಯ ಗಂಟಿನಿಂದ ಕರಿಜೀರಿಗೆಯನ್ನೋ ಒಣ ನಿಂಬೆಯನ್ನೋ ತೆಗೆದು ಕೊಟ್ಟು ವಾಪಸು ಕಳಿಸುತ್ತಿದ್ದರು.

ನಮ್ಮ ಡಾಕ್ಟರು ಮೈಸೂರಿನವರು, ಮೆತ್ತಗಿನ ಮನುಷ್ಯ. ಕಿಟಕಿಯಿಂದ ನೋಡಿ ಹೇಳುತ್ತಿದ್ದರು: "ಏನ್ ಸಿಸ್ಟರ್, ನಿಮ್ಮ ಅಜ್ಜಿ ಓಪಿಡಿ ನಮ್ಗಿಂತ ಜೋರಾಗ್ ನಡೀತಿದ್ಯಲ್ಲ."

"ನಾನೆಂತ ಮಾಡುದು ಡಾಕ್ಟ್ರೇ? ಅವರ ಮನೆಯಲ್ಲೇ ಉಣ್ಣುದು ನಾನು. ಜಗಳ ಮಾಡಿದ್ರೆ ರಾತ್ರಿ ಊಟಕ್ಕೆ ಎಂತ ಗತಿ?"

"ಒಂದ್ ಮಾತು ಕೇಳಿನೋಡಿ. ಮರ್ಯಾದೆಯಾಗೇ ಕೇಳಿ."

ಕೇಳಿದೆ. ಆ ಹೊತ್ತಿಗೆ ನನ್ನ ಅರಬ್ಬಿಗೆ ಸ್ವಲ್ಪ ಕಾಲು ಬಂದಿತ್ತು. "ಉಮ್ಮಿ, ಎಲ್ಲರನ್ನೂ ನೀವೇ ಇಟ್ಟುಕೊಂಡರೆ ಹೇಗೆ? ಕೆಲವರನ್ನಾದರೂ ಒಳಗೆ ಬಿಡಿ."

"ಬಿಡುತ್ತೇನಲ್ಲ" ಎಂದರು ಉಮ್ಮಿ, ಬಹಳ ಉದಾರವಾಗಿ. "ನನಗೆ ಆಗದವರನ್ನೆಲ್ಲ ನಿಮ್ಮ ಹತ್ತಿರವೇ ಕಳಿಸುತ್ತಿದ್ದೇನೆ."

ಉಮ್ಮಿಯ ಕೊನೆಯ ಅಸ್ತ್ರ ಒಂದು ಕಬ್ಬಿಣದ ಸರಳು. ಕಾಮಾಲೆ, ಬೆನ್ನುನೋವು, ಹೆದರಿಕೆ, ಏನೇ ಇರಲಿ, ಕಾಯಿಸಿ ಒಂದು ಬರೆ. ನಮ್ಮ ಊರುಗಳಲ್ಲೂ ಮಕ್ಕಳಿಗೆ ಬರೆ ಹಾಕುವ ಮುದುಕಿಯರನ್ನು ಕಂಡಿದ್ದ ನನಗೆ ಅದನ್ನು ನೋಡಿದರೇ ಸಿಟ್ಟು ಬರುತ್ತಿತ್ತು. ಇದೊಂದು ವಿಷಯಕ್ಕೆ ಮಾತ್ರ ನಾವಿಬ್ಬರೂ ನಿಜವಾಗಿ ಜಗಳವಾಡಿದ್ದೇವೆ, ಊಟದ ಗತಿಯನ್ನೂ ಯೋಚಿಸದೆ. ಆದರೂ ನ್ಯಾಯವಾಗಿ ಹೇಳಬೇಕೆಂದರೆ, ಆ ಸರಳಿನಿಂದ ಒಂದು ರೋಗ ವಾಸಿಯಾದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಡಾಕ್ಟರಿಗೆ ಬಿಕ್ಕಳಿಕೆ ಹಿಡಿಯಿತು. ನೀರು ಕುಡಿದರು, ಉಸಿರು ಕಟ್ಟಿದರು, ಕಪಾಟಿನಲ್ಲಿದ್ದ ಮಾತ್ರೆ ನುಂಗಿದರು, ಎರಡು ದಿನ ಬಿಕ್ಕುತ್ತಲೇ ರೋಗಿಗಳನ್ನು ನೋಡಿದರು. ಮೂರನೆಯ ದಿನ ಉಮ್ಮಿ ಕೆಂಪಗೆ ಕಾದ ಸರಳು ಹಿಡಿದು ನೇರ ಅವರ ಕೋಣೆಗೆ ನಡೆದರು. "ಅಂಗಿ ಎತ್ತು ಮಗನೇ" ಎಂದರು. ಬಿಕ್ಕಳಿಕೆ ಆ ಕ್ಷಣವೇ ನಿಂತಿತು. ಡಾಕ್ಟರು ಹಿಂಬಾಗಿಲಿನಿಂದ ಹೊರಗೆ ಹೋದವರು ಮಧ್ಯಾಹ್ನದ ತನಕ ಬರಲಿಲ್ಲ. ಊರಿನಲ್ಲಿ ಉಮ್ಮಿಯ ಕೀರ್ತಿ ಇನ್ನಷ್ಟು ಹೆಚ್ಚಿತು. ವಿಲಾಯತಿ ವೈದ್ಯ ಓದಿದ ಡಾಕ್ಟರೂ ಅವರ ರೋಗಿಯಾದರಲ್ಲ!

ಸಂಜೆಯ ಉಮ್ಮಿಯೇ ಬೇರೆ. ಮಗ ತಂದಿಟ್ಟ ಟೀವಿಯಲ್ಲಿ ಹಿಂದಿ ಚಿತ್ರ ಬಂದರೆ ನೆರೆಯ ಹೆಂಗಸರೆಲ್ಲ ನಮ್ಮ ಮನೆಯಲ್ಲಿ. ಅವರ ಪ್ರಕಾರ ಇಂಡಿಯಾ ಒಂದು ದೊಡ್ಡ ಹಳ್ಳಿ, ಅಲ್ಲಿ ನನಗೆ ಪರಿಚಯವಿಲ್ಲದವರು ಯಾರೂ ಇರಲು ಸಾಧ್ಯವಿಲ್ಲ. ನಾಯಕಿ ಅತ್ತರೆ ಉಮ್ಮಿ ನನ್ನ ಮೇಲೆ ರೇಗುತ್ತಿದ್ದರು. "ಅವಳ ಅಪ್ಪನಿಗೆ ಯಾರಾದರೂ ಬುದ್ಧಿ ಹೇಳಬಾರದೇ? ನೀವೆಲ್ಲ ಅಲ್ಲಿ ಏನು ಮಾಡುತ್ತಿದ್ದಿರಿ?"

ಒಂದು ಸಂಜೆ ನನಗೆ ಮನೆ ನೆನಪಾಗಿ, ಖರ್ಜೂರದ ತೋಟಕ್ಕೆ ನೀರು ಹಾಯಿಸುವ ಕಾಲುವೆಯ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದೆ. ಉಮ್ಮಿ ಬಂದು ಪಕ್ಕದಲ್ಲಿ ಕೂತು ಬಹಳ ಹೊತ್ತು ನನ್ನ ಬಾಯಿಯನ್ನೇ ನೋಡಿದರು.

"ದುಃಖವಾಗಿದೆಯಾ?"

"ಹೂಂ."

"ಮತ್ತೆ ಹಾಡುತ್ತಿಲ್ಲ?"

"ದುಃಖವಾದರೆ ಯಾಕೆ ಹಾಡಬೇಕು ಉಮ್ಮಿ?"

"ನಿಮ್ಮವರೆಲ್ಲ ಹಾಡುತ್ತಾರೆ, ನಾನು ನೋಡಿದ್ದೇನೆ" ಎಂದರು. ಸಂಶಯದಿಂದ ಕಣ್ಣು ಕಿರಿದು ಮಾಡಿ, "ನೀನು ನಿಜವಾಗಿಯೂ ಇಂಡಿಯಾದವಳೇನಾ?"

ದೇಶದ ಮಾನ ಉಳಿಸಲು ಇಗರ್ಜಿಯ ಒಂದು ಕೊಂಕಣಿ ಹಾಡು ಹೇಳಿದೆ. ಉಮ್ಮಿ ಕಾಲು ನೀರಿಗೆ ಬಿಟ್ಟುಕೊಂಡು ಕೊನೆಯ ತನಕ ಕೇಳಿದರು. ಮುಗಿದ ಮೇಲೆ, "ಇದರಲ್ಲಿ ಕುಣಿತ ಎಲ್ಲಿ ಬರುತ್ತದೆ?" ಎಂದರು.

ಹೀಗೆ ನಕ್ಕೊಂಡು ಕಿತ್ತಾಡಿಕೊಂಡು ಇರುವಾಗ, ಸೆಖೆ ಇಳಿಯುವ ಕಾಲಕ್ಕೆ ನನಗೆ ಜ್ವರ ಬಂತು. ಬೆಳಿಗ್ಗೆ ಮೈಕೈ ನೋವು ಎಂದುಕೊಂಡವಳು ಮಧ್ಯಾಹ್ನಕ್ಕೆ ಎರಡು ಕಂಬಳಿಯೊಳಗೂ ಗಡಗಡ ನಡುಗುತ್ತಿದ್ದೆ. ನರ್ಸಿಗೇ ಮಲೇರಿಯಾ! ಆಮೇಲಿನದು ತುಂಡುತುಂಡಾಗಿ ನೆನಪಿದೆ, ಉಳಿದದ್ದನ್ನು ಡಾಕ್ಟರು ಹೇಳಿದರು. ನಾನು ಕೊಂಕಣಿಯಲ್ಲಿ ಬಡಬಡಿಸತೊಡಗಿದ್ದೆನಂತೆ. ಸುದ್ದಿ ಕೇಳಿ ನೆರೆಯ ಹೆಂಗಸರು ಸೇರಿದರು. ಅವರಲ್ಲೊಬ್ಬಳು ಉಮ್ಮಿಗೆ ಸಹಾಯವಾಗಲೆಂದು ಆ ಸರಳನ್ನು ತಾನೇ ಕೆಂಡದಲ್ಲಿಟ್ಟು ಕಾಯಿಸಿ ತಂದಳು. ಉಮ್ಮಿ ಅದನ್ನು ಅವಳ ಕೈಯಿಂದ ಕಿತ್ತು ಅಂಗಳಕ್ಕೆ ಎಸೆದರು. ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದರು. ಆ ತನಕ ಗೇಟು ದಾಟಿ ಒಳಗೆ ಬಂದದ್ದು ಒಂದೇ ಸಲ, ಅದೂ ಡಾಕ್ಟರನ್ನು ಸುಡಲಿಕ್ಕೆ.

"ಬಾ. ನಿನ್ನ ಸೂಜಿ ತಗೊಂಡು ಬಾ" ಎಂದರಂತೆ.

ಡಾಕ್ಟರು ಚೀಲ ಎತ್ತಿಕೊಂಡು ಜೊತೆಗೇ ಓಡುತ್ತಾ, "ನಿಮ್ಮ ಔಷಧಿ ಏನಾದರೂ ಕೊಟ್ಟಿದ್ದೀರಾ?" ಎಂದು ಕೇಳಿದರು.

"ಇಲ್ಲ. ನನ್ನದು ನಮ್ಮ ಊರಿನವರಿಗೆ. ಅವರು ಸತ್ತರೆ ಅವರ ತಾಯಂದಿರ ಪಕ್ಕದಲ್ಲಿ ಕೂತು ನಾನೂ ಅಳುತ್ತೇನೆ, ಅವರು ನನ್ನನ್ನು ಕ್ಷಮಿಸುತ್ತಾರೆ. ಇವಳ ತಾಯಿ ಎಲ್ಲಿದ್ದಾಳೋ. ಅವಳಿಗೆ ನಾನು ಏನು ಹೇಳಲಿ?"

ಡಾಕ್ಟರು ಇಂಜೆಕ್ಷನ್ ಕೊಟ್ಟು, ಇಲ್ಲಿ ಆಗುವುದಿಲ್ಲ, ನಿಜ್ವಾದ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು ಎಂದರು. ಆ ದಿನ ಮಗ ಊರಲ್ಲಿದ್ದ. ಅವನ ಪಿಕಪ್ಪಿನ ಹಿಂಭಾಗದಲ್ಲಿ ಹಾಸಿಗೆ ಹಾಸಿ ನನ್ನನ್ನು ಮಲಗಿಸಿದರು. ನನ್ನ ತಲೆ ಉಮ್ಮಿಯ ಮಡಿಲಲ್ಲಿತ್ತು, ಒಣ ಹೊಳೆಯ ಕಲ್ಲುಗಳ ಮೇಲೆ ಗಾಡಿ ಎಗರಿದಾಗಲೆಲ್ಲ ಅವರ ಬೆನ್ನು ಗಾಡಿಯ ಕಬ್ಬಿಣಕ್ಕೆ ಬಡಿಯುತ್ತಿತ್ತು. ಇದು ನನಗೆ ನೆನಪಿದೆ. ಪ್ರತಿ ಸಲ ಬಡಿದಾಗಲೂ ಅವರು ಮಗನಿಗೆ ಕೂಗುತ್ತಿದ್ದುದು ಒಂದೇ ಮಾತು: "ಯಲ್ಲಾ, ಇನ್ನೂ ಬೇಗ."

ಆಸ್ಪತ್ರೆಯಲ್ಲಿ ಅವರನ್ನು ವಾರ್ಡಿನಿಂದ ಹೊರಗೆ ಕಳಿಸಲು ಯಾರಿಗೂ ಸಾಧ್ಯವಾಗಲಿಲ್ಲವಂತೆ. ಅಲ್ಲಿನ ಸಿಸ್ಟರ್ ಕೇಳಿದಳು, ನೀವು ಇವಳಿಗೆ ಏನಾಗಬೇಕು ಎಂದು. "ತಾಯಿ" ಎಂದರು. ಸಿಸ್ಟರ್ ನನ್ನ ಮುಖ, ಅವರ ಮುಖ ನೋಡಿದಳು. ಉಮ್ಮಿ ಕುರ್ಚಿ ಎಳೆದುಕೊಂಡು ಕೂತರು.

ಜ್ವರ ಇಳಿದು, ನಾನು ಕಣ್ಣು ಬಿಟ್ಟು ನೀರು ಕೇಳಿದ ದಿನ ಉಮ್ಮಿ ಹಟ ಹಿಡಿದರು. "ಈಗ ನಿನ್ನ ತಾಯಿಗೆ ಹೇಳಬೇಕು. ನಾನೇ ಹೇಳಬೇಕು." ಮಗ ಆಸ್ಪತ್ರೆಯ ಆಫೀಸಿನವರ ಕಾಲು ಹಿಡಿಯುವುದೊಂದು ಬಾಕಿ, ಅಲ್ಲಿನ ಫೋನು ಬಳಸಲು ಹೇಗೋ ಒಪ್ಪಿಸಿದ. ಉಡುಪಿ ಕಡೆಯ ನಮ್ಮ ಊರಿನಲ್ಲಿ ಫೋನಿದ್ದದ್ದು ಪಕ್ಕದ ಮನೆಯಲ್ಲಿ. ಅವರು ಅಮ್ಮನನ್ನು ಗದ್ದೆಯಿಂದ ಕರೆಸಿದರು. ನಾನು ಗೋಡೆ ಹಿಡಿದು ನಿಂತು, "ಅಮ್ಮ, ಸ್ವಲ್ಪ ಜ್ವರ ಬಂದಿತ್ತು, ಈಗ ಸರಿ ಉಂಟು" ಎಂದೆ. ಉಮ್ಮಿ ರಿಸೀವರ್ ತೆಗೆದುಕೊಂಡರು.

ಅವರು ಅರಬ್ಬಿಯಲ್ಲಿ ಏನೇನೋ ಹೇಳಿದರು. ನನಗೇ ಅರ್ಧ ಅರ್ಥವಾಗಲಿಲ್ಲ, ಅಷ್ಟು ಬೇಗ ಬೇಗ. ನಡುವೆ ನಿಲ್ಲಿಸಿ, ಆ ಕಡೆಯಿಂದ ಬರುವ ಕೊಂಕಣಿಯನ್ನು ತಲೆಯಾಡಿಸುತ್ತಾ ಕೇಳಿದರು. ಮತ್ತೆ ಮಾತಾಡಿದರು. ಆಫೀಸಿನವರು ಕೈಗಡಿಯಾರ ನೋಡಿದರೂ ಬಿಡಲಿಲ್ಲ. ಆಮೇಲೆ ಮಾತು ನಿಲ್ಲಿಸಿ, ಶಾಲಿನ ಅಂಚನ್ನು ಮುಖಕ್ಕೆ ಒತ್ತಿಕೊಂಡು, ರಿಸೀವರನ್ನು ಕಿವಿಗೆ ಹಿಡಿದುಕೊಂಡೇ ನಿಂತರು.

ಮರುವರ್ಷ ರಜೆಯಲ್ಲಿ ಮನೆಗೆ ಹೋದಾಗ ಅಮ್ಮನನ್ನು ಕೇಳಿದೆ: "ಆ ದಿನ ಫೋನಿನಲ್ಲಿ ಅವರು ಹೇಳಿದ್ದು ನಿನಗೆ ಎಂತ ಅರ್ಥ ಆಯ್ತು?"

ಅಮ್ಮ ಮೀನು ಕೊಯ್ಯುತ್ತಿದ್ದವಳು ತಲೆ ಎತ್ತಲಿಲ್ಲ.

"ಒಂದಕ್ಷರ ಅರ್ಥ ಆಗ್ಲಿಲ್ಲ" ಎಂದಳು. "ಕಡೆಗೆ ಅವರು ಅಳುದು ಕೇಳಿತು. ಆಗ ನನ್ನ ಹೆದರಿಕೆ ಹೋಯ್ತು."