ಸದ್ದಿಲ್ಲದ ಕುರ್ಚಿ

ಸ್ಪರ್ಧೆ ಮೂರು ಗಂಟೆಗೆ ಎಂದು ಬೆಳಗ್ಗೆ ಮಾಮನ ಮುಂದೆ ಬಾಯಿಬಿಟ್ಟದ್ದೇ ಗುಬ್ಬಿ ಮಾಡಿದ ತಪ್ಪು. ತನ್ನ ಪಾಡಿಗೆ ತಾನು ಕಾಲೇಜಿಗೆ ಹೋಗಿದ್ದರೆ ಯಾವ ರಗಳೆಯೂ ಇರಲಿಲ್ಲ.

"ನಾನೂ ಬರ್ತೀನಿ," ಅಂದರು ಮಾಮ, ಹಲ್ಲುಜ್ಜುತ್ತಲೇ.

"ಬೇಡ ಮಾಮ, ವಿದೇಶದವರೆಲ್ಲ ಬರ್ತಾರೆ."

"ಬರ್ಲಿ ಬಿಡೋ. ನಾನೇನು ಅವರನ್ನ ಕಚ್ತೀನಾ?"

ಗುಬ್ಬಿ ಕಾಮರ್ಸ್ ಕೊನೆಯ ವರ್ಷದ ಹುಡುಗ. ದನಿ ಸಣ್ಣದು, ಎದೆಗಾರಿಕೆ ಅದಕ್ಕಿಂತ ಸಣ್ಣದು. ಹಾಗಾಗಿ ಆ ಹೆಸರು. ಪರೀಕ್ಷೆ ಮುಗಿದ ಮರುದಿನದಿಂದಲೇ ಅವನು ಈ ಸೋದರಮಾವನ ಬೀಗದ ಅಂಗಡಿಯಲ್ಲಿ ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಗಿಹೋಗಿತ್ತು. ಆರಡಿ ಅಗಲದ ಅಂಗಡಿ, ದಿನವಿಡೀ ಕೀಲಿ ಉಜ್ಜುವ ಕಿರ್ರೆನ್ನುವ ಸದ್ದು, ಅದರ ಮೇಲೆ ಮಾಮನ ಉಪದೇಶ. ನೆನೆದರೆ ಸಾಕು, ಅವನಿಗೆ ಊಟ ಸೇರುತ್ತಿರಲಿಲ್ಲ.

ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. ಕಾಲೇಜಿನ ಉದ್ಯಮ ಸ್ಪರ್ಧೆಯಲ್ಲಿ ಗೆದ್ದವರಿಗೆ, ಮೂರು ದೇಶಗಳಲ್ಲಿ ವ್ಯಾಪಾರವಿರುವ ಕಂಪನಿಯೊಂದು ಸಮುದ್ರದಾಚೆ ಒಂದು ವರ್ಷ ತರಬೇತಿ ಕೊಡುತ್ತಿತ್ತು.

ಗುಬ್ಬಿಯ ಸರಕು ಕುರ್ಚಿಗಾಲಿನ ಬೂಟು. ಕುರ್ಚಿ ಎಳೆದಾಗ ಕಿವಿ ಕೊರೆಯುವ ಸದ್ದು ಬರುತ್ತದಲ್ಲ, ಕಾಲಿಗೆ ಈ ಪ್ಲಾಸ್ಟಿಕ್ ಬೂಟು ತೊಡಿಸಿದರೆ ಅದು ಬರುವುದಿಲ್ಲ. ಅಷ್ಟೇ. ಆದರೆ ಅಷ್ಟಕ್ಕೇ ಬಿಡಲು ಸುತ್ತಲಿನವರಿಗೆ ಮನಸ್ಸು ಬರಬೇಕಲ್ಲ!

"ಬೂಟು ಅಂದ್ರೆ ಯಾರು ತಿರುಗಿ ನೋಡ್ತಾರೋ?" ಎಂದು ಮೇಷ್ಟ್ರು ಮುಖ ಸಿಂಡರಿಸಿದರು. "ಜಾಗತಿಕ ಶಬ್ದ ನಿವಾರಣಾ ಯೋಜನೆ ಅನ್ನು."

ಅನ್ನುತ್ತೇನೆ ಎಂದ. ಅಷ್ಟರಲ್ಲಿ ಪ್ರಾಂಶುಪಾಲರು ಬಂದು ಬೂಟನ್ನು ತಿರುಗಿಸಿ ನೋಡಿದರು. "ಮಂಕಾಗಿದೆಯಲ್ಲಯ್ಯ! ಹೊರಗಿನವರ ಕಣ್ಣಿಗೆ ಹೊಳೀಬೇಕು," ಎಂದವರೇ ಜವಾನನನ್ನು ಕರೆದು ಎಲ್ಲಕ್ಕೂ ಪಾಲಿಶ್ ಹಚ್ಚಿಸಿದರು, ತಳಕ್ಕೂ ಸೇರಿಸಿ. ಸಾಲದೆಂದು ಅತಿಥಿಗಳ ಕುರ್ಚಿಗಳಿಗೇ ತೊಡಿಸಿದರು.

"ಸಾರ್, ಜಾರಬಹುದೇನೋ..."

"ಶುಭ ನುಡಿಯಯ್ಯ!"

ಮೂರು ಗಂಟೆಗೆ ಸಭಾಂಗಣ ತುಂಬಿತು. ಮುಖ್ಯ ತೀರ್ಪುಗಾರರು ಕಂಪನಿಯಿಂದ ಬಂದ ಗಂಭೀರ ಮುಖದ ಮೇಡಂ. ಗುಬ್ಬಿ ಎದ್ದು, "ನಮ್ಮ ಜಾಗತಿಕ ಶಬ್ದ..." ಎನ್ನುವಷ್ಟರಲ್ಲಿ ಅವರು ಆರಾಮವಾಗಿ ಹಿಂದಕ್ಕೆ ಒರಗಿದರು. ಮರುಕ್ಷಣ ಮೇಡಂ ನೆಲದ ಮೇಲೆ, ಕುರ್ಚಿ ಗೋಡೆಯ ಪಕ್ಕ. ನ್ಯಾಯವಾಗಿ ಹೇಳಬೇಕೆಂದರೆ, ಕುರ್ಚಿಯಿಂದ ಒಂದಿಷ್ಟೂ ಸದ್ದು ಬರಲಿಲ್ಲ.

ಗುಬ್ಬಿಗೆ ಅಳು ಉಕ್ಕಿಬಂತು. ಮುಗಿಯಿತು ಕತೆ. ಕೀಲಿ ಉಜ್ಜುವ ಚಕ್ರ ಕಣ್ಣ ಮುಂದೆಯೇ ತಿರುಗತೊಡಗಿತು.

ಹಿಂದಿನ ಸಾಲಿನಿಂದ ಮಾಮ ಓಡಿಬಂದರು. "ಅಯ್ಯಯ್ಯೋ, ಏಳಿ ತಾಯಿ, ಏಳಿ," ಎಂದು ಎಬ್ಬಿಸಿ ಬೂಟಿಲ್ಲದ ಬೇರೆ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಜೇಬಿನಿಂದ ರಬ್ಬರ್ ತುಂಡು, ಚಾಕು, ಅಂಟು ತೆಗೆದು, ಜಾರಿದ ಕುರ್ಚಿಯನ್ನು ಬೋರಲು ಹಾಕಿ, ಬೂಟುಗಳ ಪಾಲಿಶ್ ಕೆರೆದು, ತಳಕ್ಕೆ ರಬ್ಬರ್ ಅಂಟಿಸಿದರು. ಅಂಟು ಒಣಗಿದ ಮೇಲೆ ತಾವೇ ಕೂತು ಒರಗಿದರು, ಎಳೆದರು. ಕುರ್ಚಿ ಜಾರಲೂ ಇಲ್ಲ, ಕಿರುಚಲೂ ಇಲ್ಲ. ಮೇಡಂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಸಂಜೆ ಫಲಿತಾಂಶ ಬಂತು. ಮೊದಲ ಬಹುಮಾನ ಗುಬ್ಬಿಗೆ! ಅವನಿಗೆ ನಂಬಲಾಗಲಿಲ್ಲ. ಮನಸ್ಸು ಆಗಲೇ ಪೆಟ್ಟಿಗೆ ಕಟ್ಟಿ ಸಮುದ್ರ ದಾಟಿತ್ತು. ಮೇಡಂ ಮಾತನ್ನು ಪ್ರಾಂಶುಪಾಲರು ನಮ್ಮ ಭಾಷೆಗೆ ತಂದು ಹೇಳತೊಡಗಿದರು.

"ಹುಡುಗನ ಯೋಚನೆ ಬಹಳ ಚೆನ್ನಾಗಿದೆಯಂತೆ. ಕೈ ಮಾತ್ರ ಪಳಗಿಲ್ಲವಂತೆ. ಪಳಗಿಸೋ ಗುರು ಮನೇಲೇ ಇರುವಾಗ ನಮ್ಮಲ್ಲಿಗೆ ಬಂದು ಏನು ಕಲೀತಾನೆ ಅಂತಿದ್ದಾರೆ. ಹಾಗಾಗಿ ಒಂದು ವರ್ಷದ ತರಬೇತಿ ಇವನ ಮಾವನವರ ಅಂಗಡೀಲೇ! ತಿಂಗಳು ತಿಂಗಳೂ ಕಂಪನಿಗೆ ವರದಿ ಹೋಗಬೇಕು, ಒಂದು ದಿನವೂ ತಪ್ಪಿಸೋ ಹಾಗಿಲ್ಲ."

ಚಪ್ಪಾಳೆಯೋ ಚಪ್ಪಾಳೆ. ಗುಬ್ಬಿ ಮಾಮನ ತೋಳು ಹಿಡಿದುಕೊಂಡ. "ಮಾಮ, ಆಗಲ್ಲ ಅಂತ ಹೇಳಿ ಮಾಮ. ದಮ್ಮಯ್ಯ."

ಮಾಮನ ಕಣ್ಣು ತುಂಬಿಬಂದಿತ್ತು. "ಗೊತ್ತಾಯ್ತು ಬಿಡು ಮಗಾ," ಎಂದು ಅವನ ಬೆನ್ನು ಸವರಿ ವೇದಿಕೆ ಹತ್ತಿದರು. ಗುಬ್ಬಿ ವೇದಿಕೆಯ ಬುಡದವರೆಗೂ ಹಿಂದೆಯೇ ಹೋದ.

"ಸಾರ್, ಒಂದು ವರ್ಷದಲ್ಲಿ ಆಗಲ್ಲ ಅಂತ ಹೇಳಿ ಅವರಿಗೆ," ಅಂದರು ಮಾಮ. "ಬೀಗ ಒಂದಕ್ಕೇ ಮೂರು ವರ್ಷ ಬೇಕು."

ಪ್ರಾಂಶುಪಾಲರು ಅದನ್ನು ತಿಳಿಸಿದ್ದೇ, ಮೇಡಂ ಗೌರವದಿಂದ ತಲೆಯಾಡಿಸಿ, ತರಬೇತಿಯ ಕಾಗದದಲ್ಲಿದ್ದ 'ಒಂದು ವರ್ಷ'ದ ಒಂದನ್ನು ಹೊಡೆದುಹಾಕಿ ಮೂರು ಎಂದು ಬರೆದು, ಸಹಿ ಹಾಕಿದರು.